ಕೊಬ್ಬರಿ ಮಾರುಕಟ್ಟೆ ಅಧ್ಯಯನ: ನಂಬಲರ್ಹ ಸಂಶೋಧನಾ ಲೇಖನ ಹುಡುಕುವುದು ಹೇಗೆ?

ಕೆಂಕೆರೆ: ಅಟ್ಟದ ಮೇಲಿರುವ ಕಾಯಿಯನ್ನು ಈಗಲೇ ಸುಲಿದು ಕೊಬ್ಬರಿ ಮಾಡಿ ಮಾರಬೇಕೇ, ಇನ್ನೆರಡು ತಿಂಗಳು ಕಾಯಬೇಕೇ? ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯೂ ಸೇರಿದಂತೆ ತಿಪಟೂರು, ತುರುವೇಕೆರೆ ಭಾಗದ ತೆಂಗು ಬೆಳೆಗಾರರ ಮನೆಗಳಲ್ಲಿ ಈ ಪ್ರಶ್ನೆ ಹೊಸದೇನಲ್ಲ. ಇದೇ ಭಾಗದಿಂದ ಎಂ.ಕಾಂ., ಎಂಬಿಎ, ಬಿಬಿಎ ಓದಲು ಹೋಗುವ ವಿದ್ಯಾರ್ಥಿಗಳಿಗೆ ಅದು ಅಧ್ಯಯನದ ವಿಷಯವೂ ಆಗಬಲ್ಲದು. ಕೊಬ್ಬರಿಯ ಬೆಲೆ ಏರಿಳಿತ, ಎಪಿಎಂಸಿಯ ಆನ್‌ಲೈನ್ ಹರಾಜು, ಬೆಂಬಲ ಬೆಲೆ, ರೈತ ಉತ್ಪಾದಕರ ಕಂಪನಿಗಳು ಮುಂತಾದವು ನಿರ್ವಹಣಾ ಶಾಸ್ತ್ರದ ಪ್ರಬಂಧಕ್ಕೆ ಯೋಗ್ಯವಾದ ವಸ್ತುಗಳೇ ಆಗಿವೆ.

ಆದರೆ ಪ್ರಬಂಧದ ಎರಡನೇ ಅಧ್ಯಾಯವಾದ ‘ಪೂರ್ವ ಸಾಹಿತ್ಯ ಸಮೀಕ್ಷೆ’ಗೆ ಬರುವ ಹೊತ್ತಿಗೆ ವಿದ್ಯಾರ್ಥಿ ಕಂಗಾಲಾಗುತ್ತಾನೆ. ಹಿಂದಿನ ಸಂಶೋಧಕರು ಈ ವಿಷಯದಲ್ಲಿ ಏನು ಕಂಡುಕೊಂಡಿದ್ದಾರೆ ಎಂಬುದನ್ನು ಅಲ್ಲಿ ತಿಳಿಸಬೇಕಾಗುತ್ತದೆ. ಹಿಂದಿನ ವರ್ಷದ ವರದಿಯೊಂದರಿಂದ ನಾಲ್ಕಾರು ಹೆಸರುಗಳನ್ನು ಎತ್ತಿಕೊಂಡು, ಅಂತರ್ಜಾಲದಲ್ಲಿ ಮೊದಲು ಕಂಡ ಪುಟಗಳಿಂದ ಕೆಲವು ಸಾಲುಗಳನ್ನು ಸೇರಿಸಿ ಅಧ್ಯಾಯ ಮುಗಿಸುವ ಪರಿಪಾಠ ಬೆಳೆದಿದೆ. ಇದರಿಂದ ಅಂಕಗಳಿಗೆ ಧಕ್ಕೆಯಾಗದೇ ಇರಬಹುದು. ಆದರೆ ನಾಳೆ ಇದೇ ವಿದ್ಯಾರ್ಥಿ ಉತ್ಪಾದಕರ ಕಂಪನಿಯ ವ್ಯವಸ್ಥಾಪಕನಾಗಿಯೋ ಬ್ಯಾಂಕಿನ ಸಾಲದ ಅಧಿಕಾರಿಯಾಗಿಯೋ ಕುಳಿತಾಗ, ಪರೀಕ್ಷಿಸದ ಮಾತನ್ನೇ ಆಧಾರವಾಗಿಟ್ಟುಕೊಂಡು ಬೆಳೆಗಾರನಿಗೆ ಸಲಹೆ ನೀಡುವ ಸಂಭವವಿದೆ. ಆದ್ದರಿಂದ ಸಂಶೋಧನಾ ಲೇಖನಗಳನ್ನು ಎಲ್ಲಿ ಹುಡುಕಬೇಕು, ದೊರೆತವುಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮೊದಲು ಪ್ರಶ್ನೆ, ಅನಂತರ ಹುಡುಕಾಟ

‘ತುಮಕೂರು ಜಿಲ್ಲೆಯ ಕೊಬ್ಬರಿ ಮಾರುಕಟ್ಟೆ: ಒಂದು ಅಧ್ಯಯನ’ ಎಂಬ ಶೀರ್ಷಿಕೆ ಒಂದು ವಿಷಯವನ್ನು ಸೂಚಿಸುತ್ತದೆಯೇ ಹೊರತು ಪ್ರಶ್ನೆಯನ್ನು ಕೇಳುವುದಿಲ್ಲ. ವಿಷಯವನ್ನಷ್ಟೇ ಹಿಡಿದು ಹುಡುಕಲು ಹೊರಟವರಿಗೆ ಸಾವಿರಾರು ಲೇಖನಗಳು ಎದುರಾಗುತ್ತವೆ. ಯಾವುದು ಬೇಕು, ಯಾವುದು ಬೇಡ ಎಂದು ನಿರ್ಧರಿಸುವ ಅಳತೆಗೋಲು ಇರುವುದಿಲ್ಲ.

ಅದರ ಬದಲು ‘ಮಾರುಕಟ್ಟೆಯ ದರ ಪ್ರತಿದಿನ ಮೊಬೈಲ್‌ಗೆ ಬಂದರೆ ಕೆಂಕೆರೆಯ ಬೆಳೆಗಾರನಿಗೆ ಉಂಡೆ ಕೊಬ್ಬರಿಗೆ ಹೆಚ್ಚು ಬೆಲೆ ಸಿಗುತ್ತದೆಯೇ?’ ಎಂದು ಕೇಳಿಕೊಂಡರೆ ಹುಡುಕಾಟಕ್ಕೆ ದಾರಿ ತೆರೆಯುತ್ತದೆ. ಈ ಪ್ರಶ್ನೆಯಲ್ಲಿ ಮೂರು ಅಂಶಗಳಿವೆ. ಒಂದು, ದರದ ಮಾಹಿತಿ. ಎರಡು, ರೈತನಿಗೆ ದೊರೆಯುವ ಬೆಲೆ. ಮೂರು, ಕೊಬ್ಬರಿ ಎಂಬ ಸರಕು. ಮೂರೂ ಅಂಶಗಳಿರುವ ಲೇಖನ ಸಿಕ್ಕರೆ ಉತ್ತಮ. ಸಿಗದಿದ್ದಲ್ಲಿ ಮೊದಲ ಎರಡು ಅಂಶಗಳಿರುವ, ಬೇರೆ ಸರಕಿನ ಕುರಿತ ಲೇಖನಗಳನ್ನು ಓದಿ, ಅವು ಕೊಬ್ಬರಿಗೆ ಎಷ್ಟು ಅನ್ವಯಿಸುತ್ತವೆ ಎಂದು ವಿವೇಚಿಸಬೇಕಾಗುತ್ತದೆ. ಈ ಬರಹದುದ್ದಕ್ಕೂ ಇದೇ ಪ್ರಶ್ನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ.

ಎಲ್ಲೆಲ್ಲಿ ಹುಡುಕಬಹುದು?

ಸಾಮಾನ್ಯ ಗೂಗಲ್ ಹುಡುಕಾಟದಲ್ಲಿ ಜಾಹೀರಾತು, ಸುದ್ದಿ, ಮಾರಾಟದ ಪುಟಗಳೆಲ್ಲ ಒಟ್ಟಿಗೆ ಬರುತ್ತವೆ. ಸಂಶೋಧನಾ ಬರಹಗಳಿಗೆಂದೇ 2004ರ ನವೆಂಬರ್‌ನಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ಉಚಿತವಾಗಿ ಲಭ್ಯವಿದ್ದು, ಹುಡುಕಾಟವನ್ನು ಅಲ್ಲಿಂದ ಆರಂಭಿಸುವುದು ಸೂಕ್ತ. ಆದರೆ ಗೂಗಲ್ ಸ್ಕಾಲರ್ ಲೇಖನಗಳ ಗುಣಮಟ್ಟವನ್ನು ಅಳೆದು ಆರಿಸುವುದಿಲ್ಲ. ಉತ್ತಮ ಲೇಖನದ ಪಕ್ಕದಲ್ಲೇ ಕಳಪೆ ಲೇಖನವೂ ಕಾಣಿಸಿಕೊಳ್ಳುತ್ತದೆ. ‘ಸ್ಕಾಲರ್‌ನಲ್ಲಿ ಇದೆ, ಆದ್ದರಿಂದ ಸರಿ’ ಎಂಬ ತೀರ್ಮಾನಕ್ಕೆ ಬರಕೂಡದು.

ಎರಡನೆಯದು ಶೋಧಗಂಗಾ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಈ ಭಂಡಾರದಲ್ಲಿ ಭಾರತೀಯ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್.ಡಿ. ಪ್ರಬಂಧಗಳಿವೆ. ಇಂಗ್ಲಿಷ್ ಪ್ರಬಂಧಗಳೊಂದಿಗೆ ಕನ್ನಡದ ಪ್ರಬಂಧಗಳೂ ಇಲ್ಲಿ ದೊರೆಯುತ್ತವೆ. ಪಿಎಚ್.ಡಿ. ಪ್ರಬಂಧವನ್ನು ಇಡಿಯಾಗಿ ಓದುವ ಅಗತ್ಯವಿಲ್ಲ. ಅದರ ಸಾಹಿತ್ಯ ಸಮೀಕ್ಷೆಯ ಅಧ್ಯಾಯವನ್ನೂ ಕೊನೆಯ ಗ್ರಂಥಸೂಚಿಯನ್ನೂ ನೋಡಿದರೆ ಮುಂದೆ ಹುಡುಕಬೇಕಾದ ಮೂಲ ಲೇಖನಗಳ ಪಟ್ಟಿಯೇ ಸಿಕ್ಕಂತಾಗುತ್ತದೆ.

ಮೂರನೆಯದಾಗಿ ವಿಷಯವಾರು ಭಂಡಾರಗಳು. ಕೃಷಿ ಅರ್ಥಶಾಸ್ತ್ರಕ್ಕೆ ಸಂಬಂಧಿಸಿದಂತೆ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ‘ಆಗ್‌ಎಕಾನ್ ಸರ್ಚ್’ ಉಚಿತವಾಗಿದ್ದು, ಭಾರತದ ಕೃಷಿ ಅರ್ಥಶಾಸ್ತ್ರದ ಲೇಖನಗಳೂ ಅಲ್ಲಿವೆ. ಯಾರು ಬೇಕಾದರೂ ಓದಬಹುದಾದ ಮುಕ್ತ ಪತ್ರಿಕೆಗಳ ಪಟ್ಟಿಯಾದ ಡಿಒಎಜೆ 2003ರಿಂದ ಅಸ್ತಿತ್ವದಲ್ಲಿದೆ. ನಿರ್ವಹಣಾ ಶಾಸ್ತ್ರದಲ್ಲಿ ಅಹಮದಾಬಾದ್ ಐಐಎಂನ ‘ವಿಕಲ್ಪ’ ಹಾಗೂ ಬೆಂಗಳೂರು ಐಐಎಂನ ‘ಐಐಎಂಬಿ ಮ್ಯಾನೇಜ್‌ಮೆಂಟ್ ರಿವ್ಯೂ’ ಪತ್ರಿಕೆಗಳು ಹೆಸರು ಪಡೆದಿವೆ.

ತೆಂಗಿಗೆ ಸಂಬಂಧಿಸಿದಂತೆ ಕಾಸರಗೋಡನ್ನು ಮರೆಯುವಂತಿಲ್ಲ. ಅಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾದ ಸಂಸ್ಥೆ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ತೋಟದ ಬೆಳೆಗಳ ಭಾರತೀಯ ಸಂಘವು ಕಾಸರಗೋಡಿನಿಂದಲೇ ‘ಜರ್ನಲ್ ಆಫ್ ಪ್ಲಾಂಟೇಷನ್ ಕ್ರಾಪ್ಸ್’ ಪತ್ರಿಕೆಯನ್ನು ಹೊರತರುತ್ತಿದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ತೆಂಗು ಅಭಿವೃದ್ಧಿ ಮಂಡಳಿ ‘ಇಂಡಿಯನ್ ಕೋಕನಟ್ ಜರ್ನಲ್’ ಪ್ರಕಟಿಸುತ್ತದೆ. ಆದರೆ ಹೆಸರಿನಲ್ಲಿ ‘ಜರ್ನಲ್’ ಎಂದಿದ್ದರೂ ಇವೆರಡೂ ಒಂದೇ ಬಗೆಯವಲ್ಲ. ಮೊದಲನೆಯದು ಸಂಶೋಧಕರು ಸಂಶೋಧಕರಿಗಾಗಿ ಬರೆಯುವ ಪತ್ರಿಕೆ. ಎರಡನೆಯದು ಬೆಳೆಗಾರರಿಗೂ ಉದ್ಯಮಿಗಳಿಗೂ ಮಾಹಿತಿ ನೀಡುವ ನಿಯತಕಾಲಿಕ. ಎರಡೂ ಉಪಯುಕ್ತವಾದರೂ ಪ್ರಬಂಧದಲ್ಲಿ ಅವುಗಳಿಗೆ ನೀಡುವ ಸ್ಥಾನ ಬೇರೆ ಬೇರೆ.

ಇದಲ್ಲದೆ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವು ಕೊಬ್ಬರಿಯ ಬೆಲೆ ನೀತಿಯ ಬಗ್ಗೆ ಪ್ರತ್ಯೇಕ ವರದಿ ನೀಡುತ್ತದೆ. ರಾಜ್ಯ ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಹಾಗೂ ಕೇಂದ್ರದ ‘ಆಗ್‌ಮಾರ್ಕ್‌ನೆಟ್’ ತಾಣಗಳಲ್ಲಿ ಮಾರುಕಟ್ಟೆವಾರು ಆವಕ ಮತ್ತು ದರಗಳು ದೊರೆಯುತ್ತವೆ. ಇವು ಅಂಕಿಅಂಶದ ಮೂಲಗಳು. ಇವುಗಳನ್ನು ಸಂಶೋಧನಾ ಲೇಖನಗಳೆಂದು ಸಾಹಿತ್ಯ ಸಮೀಕ್ಷೆಯಲ್ಲಿ ಸೇರಿಸದೆ, ದತ್ತಾಂಶದ ಭಾಗದಲ್ಲಿ ಬಳಸಿಕೊಳ್ಳುವುದು ಸರಿಯಾದ ಕ್ರಮ.

ಪದಗಳ ಆಯ್ಕೆಯಲ್ಲಿ ಜಾಣ್ಮೆ

ಈ ವಿಷಯದ ಬಹುಪಾಲು ಲೇಖನಗಳು ಇಂಗ್ಲಿಷಿನಲ್ಲಿರುವುದರಿಂದ ಹುಡುಕಾಟದ ಪದಗಳನ್ನೂ ಇಂಗ್ಲಿಷಿನಲ್ಲಿಯೇ ನೀಡಬೇಕಾಗುತ್ತದೆ. ‘ಕೋಕನಟ್’ ಎಂದಷ್ಟೇ ಕೊಟ್ಟರೆ ರೋಗ, ಗೊಬ್ಬರ, ಎಣ್ಣೆಯ ರಾಸಾಯನಿಕ ಗುಣ ಇತ್ಯಾದಿ ವಿಷಯಗಳ ಲೇಖನಗಳೇ ತುಂಬಿಕೊಳ್ಳುತ್ತವೆ. ‘ಕೊಪ್ರಾ’ ಅಥವಾ ‘ಬಾಲ್ ಕೊಪ್ರಾ’ ಎಂಬ ಪದದೊಡನೆ ‘ಪ್ರೈಸ್’, ‘ಮಾರ್ಕೆಟಿಂಗ್’, ‘ಪ್ರೈಸ್ ಇನ್ಫರ್ಮೇಷನ್’ ಮುಂತಾದ ನಿರ್ವಹಣಾ ಪದವೊಂದನ್ನು ಸೇರಿಸಬೇಕು. ಜೊತೆಯಾಗಿ ಬರಲೇಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಫಲಿತಾಂಶ ಇನ್ನಷ್ಟು ಬಿಗಿಯಾಗುತ್ತದೆ.

ಊರಿನ ಹೆಸರಿನ ವಿಚಾರದಲ್ಲೂ ಎಚ್ಚರ ಅಗತ್ಯ. ಜಿಲ್ಲಾ ಕೇಂದ್ರದ ಇಂಗ್ಲಿಷ್ ಹೆಸರು ಅಧಿಕೃತವಾಗಿ ‘ತುಮಕೂರು’ ಎಂದು ಬದಲಾದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನ ಲೇಖನಗಳಲ್ಲಿ ‘ತುಮ್ಕೂರ್’ ಎಂಬ ಹಳೆಯ ಕಾಗುಣಿತವೇ ಇರುತ್ತದೆ. ಎರಡೂ ರೂಪಗಳನ್ನು ಕೊಟ್ಟು ಹುಡುಕದಿದ್ದರೆ ದಶಕಗಳ ಬರಹ ಕಣ್ತಪ್ಪಿ ಹೋಗಬಹುದು.

ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅದರಿಂದ ಎರಡು ದಿಕ್ಕಿಗೆ ಹೋಗಬಹುದು. ಅದರ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ ಹಿಂದಿನ ಸಂಶೋಧನೆಗಳತ್ತ ಒಯ್ಯುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ ಕಾಣುವ ‘ಸೈಟೆಡ್ ಬೈ’ ಎಂಬ ಕೊಂಡಿ ಆ ಲೇಖನವನ್ನು ಅನಂತರ ಉಲ್ಲೇಖಿಸಿದವರತ್ತ ಒಯ್ಯುತ್ತದೆ. ಮೊದಲ ಸಂಶೋಧಕ ಹೇಳಿದ್ದನ್ನು ಅನಂತರದವರು ಒಪ್ಪಿದರೇ, ತಿದ್ದಿದರೇ, ಪ್ರಶ್ನಿಸಿದರೇ ಎಂಬುದು ಈ ಎರಡನೆಯ ದಾರಿಯಲ್ಲಿ ಗೊತ್ತಾಗುತ್ತದೆ. ಇದನ್ನು ಬಳಸುವ ವಿದ್ಯಾರ್ಥಿಗಳು ವಿರಳವೆಂದೇ ಹೇಳಬೇಕು.

ಲೇಖನಕ್ಕೆ ಹಣ ಕೇಳಿದಾಗ

ಉತ್ತಮ ಲೇಖನವೊಂದು ಸಿಕ್ಕಿ, ತೆರೆಯಲು ಹೋದಾಗ ಡಾಲರ್‌ಗಳಲ್ಲಿ ಶುಲ್ಕ ಕೇಳುವುದು ಸಾಮಾನ್ಯ. ಇಲ್ಲಿ ನಿರಾಶರಾಗಬೇಕಿಲ್ಲ. ಗೂಗಲ್ ಸ್ಕಾಲರ್‌ನ ‘ಆಲ್ ವರ್ಷನ್ಸ್’ ಕೊಂಡಿಯನ್ನು ಒತ್ತಿದರೆ ಅದೇ ಲೇಖನದ ಉಚಿತ ಪ್ರತಿ ಲೇಖಕರ ವಿಶ್ವವಿದ್ಯಾಲಯದ ತಾಣದಲ್ಲಿ ಅನೇಕ ವೇಳೆ ದೊರೆಯುತ್ತದೆ. ಲೇಖಕರ ಇ–ಮೇಲ್ ವಿಳಾಸಕ್ಕೆ ಎರಡು ಸಾಲಿನ ವಿನಯಪೂರ್ವಕ ಪತ್ರ ಬರೆದು ಪ್ರತಿ ಕೇಳುವುದೂ ವಿದ್ವತ್ ವಲಯದಲ್ಲಿ ರೂಢಿಯಲ್ಲಿರುವ ಕ್ರಮವೇ ಆಗಿದೆ.

ಇದಕ್ಕಿಂತ ಮುಖ್ಯವಾದದ್ದು ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಅನುಮೋದಿಸಿದ ಈ ಯೋಜನೆಗೆ 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ ನಿಗದಿಯಾಗಿದೆ. 30 ಪ್ರಕಾಶಕರ ಸುಮಾರು 13 ಸಾವಿರ ಪತ್ರಿಕೆಗಳನ್ನು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳ ಆಡಳಿತದಲ್ಲಿರುವ 6,300ಕ್ಕೂ ಹೆಚ್ಚು ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ಒದಗಿಸುವುದು ಇದರ ಉದ್ದೇಶ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯದಂತಹ ರಾಜ್ಯ ವಿಶ್ವವಿದ್ಯಾಲಯಗಳು ಮಾತ್ರವಲ್ಲದೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳೂ ಈ ವ್ಯಾಪ್ತಿಗೆ ಬರುತ್ತವೆ. ತಮ್ಮ ಕಾಲೇಜು ನೋಂದಣಿಯಾಗಿದೆಯೇ, ಲಾಗಿನ್ ಪಡೆಯುವುದು ಹೇಗೆ ಎಂಬುದನ್ನು ವಿದ್ಯಾರ್ಥಿಗಳು ಗ್ರಂಥಪಾಲಕರಲ್ಲಿ ವಿಚಾರಿಸಬೇಕು. ಖಾಸಗಿ ಕಾಲೇಜುಗಳ ವಿದ್ಯಾರ್ಥಿಗಳು ಇನ್‌ಫ್ಲಿಬ್‌ನೆಟ್‌ನ ‘ಎನ್–ಲಿಸ್ಟ್’ ಸದಸ್ಯತ್ವ ತಮ್ಮ ಕಾಲೇಜಿಗೆ ಇದೆಯೇ ಎಂದು ಕೇಳಬಹುದು.

ಪತ್ರಿಕೆ ಅಸಲಿಯೋ, ನಕಲಿಯೋ?

ಲೇಖನ ಕೈಗೆ ಬಂದ ಮೇಲೆ ಮೊದಲು ನೋಡಬೇಕಾದದ್ದು ಅದು ಪ್ರಕಟವಾದ ಪತ್ರಿಕೆಯನ್ನು. ವಿದ್ವತ್ ಪತ್ರಿಕೆಗೆ ಬಂದ ಲೇಖನವನ್ನು ಸಂಪಾದಕರು ಅದೇ ವಿಷಯದ ಇತರ ತಜ್ಞರಿಗೆ ಕಳುಹಿಸುತ್ತಾರೆ. ಅವರು ತಪ್ಪುಗಳನ್ನು ತೋರಿಸಿ, ತಿದ್ದುಪಡಿ ಸೂಚಿಸಿ, ಒಪ್ಪಿದ ಮೇಲಷ್ಟೇ ಪ್ರಕಟಣೆಯಾಗುತ್ತದೆ. ಪೀರ್ ರಿವ್ಯೂ ಎಂದು ಕರೆಯಲಾಗುವ ಈ ಕ್ರಮಕ್ಕೆ ಸಾಮಾನ್ಯವಾಗಿ ತಿಂಗಳುಗಳು ಹಿಡಿಯುತ್ತವೆ. ಇದು ಸತ್ಯಕ್ಕೆ ಮುದ್ರೆಯಲ್ಲದಿದ್ದರೂ, ಒಬ್ಬರಲ್ಲ ಇಬ್ಬರಾದರೂ ಬಲ್ಲವರು ಓದಿದ್ದಾರೆಂಬ ಭರವಸೆಯನ್ನಂತೂ ನೀಡುತ್ತದೆ.

ಈ ಕ್ರಮವನ್ನು ಅನುಸರಿಸದೆ, ಶುಲ್ಕ ಪಡೆದು ಬಂದದ್ದನ್ನೆಲ್ಲ ಪ್ರಕಟಿಸುವ ಪತ್ರಿಕೆಗಳ ಹಾವಳಿ ಭಾರತದಲ್ಲಿ ವ್ಯಾಪಕವಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ಅನುಮೋದಿತ ಪಟ್ಟಿಯೇ ಇದಕ್ಕೆ ಸಾಕ್ಷಿ ಒದಗಿಸಿತ್ತು. ವಿಶ್ವವಿದ್ಯಾಲಯಗಳ ಶಿಫಾರಸಿನ ಮೇಲೆ ಆ ಪಟ್ಟಿಗೆ ಸೇರಿದ್ದ ಪತ್ರಿಕೆಗಳನ್ನು ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಪರಿಶೀಲಿಸಿ 2018ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ಅವರು ವಿಶ್ಲೇಷಿಸಿದ ಪತ್ರಿಕೆಗಳಲ್ಲಿ ಶೇ 88ಕ್ಕೂ ಹೆಚ್ಚು ಕಳಪೆ ಗುಣಮಟ್ಟದವಾಗಿರಬಹುದು ಎಂಬುದು ಅವರ ತೀರ್ಮಾನವಾಗಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕೈಬಿಟ್ಟಿತು. ಅನಂತರ ‘ಯುಜಿಸಿ–ಕೇರ್’ ಎಂಬ ಹೊಸ ಪಟ್ಟಿ ಜಾರಿಗೆ ಬಂದಿತು. 2025ರ ಫೆಬ್ರುವರಿಯಲ್ಲಿ ಅದನ್ನೂ ನಿಲ್ಲಿಸಲಾಗಿದ್ದು, ಪತ್ರಿಕೆಗಳ ಯೋಗ್ಯತೆಯನ್ನು ನಿರ್ಧರಿಸುವ ಹೊಣೆ ಈಗ ಆಯಾ ಸಂಸ್ಥೆಗಳ ಮೇಲಿದೆ. ಆದ್ದರಿಂದ ‘ಯುಜಿಸಿ–ಕೇರ್ ಪಟ್ಟಿಯಲ್ಲಿದೆ’ ಎಂದು ಇಂದಿಗೂ ಹೇಳಿಕೊಳ್ಳುವ ಪತ್ರಿಕೆಯನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ.

ನಕಲಿ ಪತ್ರಿಕೆಗಳನ್ನು ಗುರುತಿಸಲು ಕೆಲವು ಲಕ್ಷಣಗಳಿವೆ. ‘ಮೂರು ದಿನಗಳಲ್ಲಿ ಪ್ರಕಟಣೆ’ ಎಂಬ ಭರವಸೆ, ವಾಟ್ಸ್‌ಆ್ಯಪ್ ಮೂಲಕ ಶುಲ್ಕ ವಸೂಲಿ, ವಾಣಿಜ್ಯ, ರಸಾಯನಶಾಸ್ತ್ರ, ಸಾಹಿತ್ಯ, ಯೋಗ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ಅಚ್ಚುಹಾಕುವುದು, ಸಂಪಾದಕ ಮಂಡಳಿಯ ಸದಸ್ಯರ ವಿಳಾಸ ಇಲ್ಲದಿರುವುದು ಅವುಗಳಲ್ಲಿ ಮುಖ್ಯವಾದವು. ಐಎಸ್ಎಸ್ಎನ್ ಸಂಖ್ಯೆ ಇದೆ ಎಂಬುದು ಗುಣಮಟ್ಟದ ಪುರಾವೆಯಲ್ಲ. ವಾಹನಕ್ಕೆ ನೋಂದಣಿ ಸಂಖ್ಯೆ ಇರುವಂತೆ ಅದು ಪತ್ರಿಕೆಯ ಗುರುತು ಮಾತ್ರ. ‘ಇಂಪ್ಯಾಕ್ಟ್ ಫ್ಯಾಕ್ಟರ್’ ಎಂಬುದು ಕ್ಲಾರಿವೇಟ್ ಸಂಸ್ಥೆ ಪ್ರತಿವರ್ಷ ಪ್ರಕಟಿಸುವ ಅಳತೆಯಾಗಿದ್ದು, ಅದನ್ನೇ ಹೋಲುವ ಹೆಸರುಗಳಲ್ಲಿ ಬೇರೆಯವರಿಂದ ಕೊಂಡುಕೊಂಡ ಅಂಕಿಗಳಿಗೆ ಯಾವುದೇ ಬೆಲೆಯಿಲ್ಲ.

ವಿದ್ಯಾರ್ಥಿಗಳು ಇಂತಹ ಪತ್ರಿಕೆಗಳಿಗೆ ಎರಡು ರೀತಿಯಲ್ಲಿ ಬಲಿಯಾಗುತ್ತಾರೆ. ಅದರಲ್ಲಿನ ಲೇಖನವನ್ನು ನಂಬಿ ಉಲ್ಲೇಖಿಸುವುದು ಒಂದು. ತಮ್ಮ ಪ್ರಾಜೆಕ್ಟ್ ವರದಿಯನ್ನೇ ಹಣ ಕೊಟ್ಟು ಅಲ್ಲಿ ಪ್ರಕಟಿಸಿ ಪ್ರಮಾಣಪತ್ರ ಪಡೆಯುವುದು ಇನ್ನೊಂದು. ಎರಡನೆಯದರಿಂದ ಪೋಷಕರ ಹಣ ವ್ಯರ್ಥವಾಗುವುದಲ್ಲದೆ, ಮುಂದೆ ಸಂಶೋಧನೆಗೆ ಪ್ರವೇಶ ಬಯಸಿದಾಗ ಅದೇ ಹಿನ್ನಡೆಯೂ ಆಗಬಹುದು.

ಮೂರು ಲೇಖನಗಳು, ಮೂರು ಉತ್ತರಗಳು

ಪತ್ರಿಕೆ ಉತ್ತಮವೆಂದು ಖಚಿತವಾದ ಮೇಲೂ ಲೇಖನದ ಪರೀಕ್ಷೆ ಬಾಕಿ ಉಳಿಯುತ್ತದೆ. ನಮ್ಮ ಪ್ರಶ್ನೆಗೆ ಸಂಬಂಧಿಸಿದ, ಮೂರು ಗೌರವಾನ್ವಿತ ಪತ್ರಿಕೆಗಳಲ್ಲಿ ಪ್ರಕಟವಾದ ಲೇಖನಗಳನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು ರಾಬರ್ಟ್ ಜೆನ್ಸನ್ ಅವರು 2007ರಲ್ಲಿ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ನಲ್ಲಿ ಪ್ರಕಟಿಸಿದ ಲೇಖನ. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಜಿಲ್ಲೆಗಳ ಮೀನುಗಾರರಿಗೆ 1997ರಿಂದ 2001ರ ನಡುವೆ ಹಂತಹಂತವಾಗಿ ಮೊಬೈಲ್ ಸೌಲಭ್ಯ ದೊರೆತಾಗ ಏನಾಯಿತು ಎಂಬುದನ್ನು ಅದು ಪರಿಶೀಲಿಸಿತು. ಸಮುದ್ರದಲ್ಲಿರುವಾಗಲೇ ಯಾವ ದಡದಲ್ಲಿ ಕೊಳ್ಳುವವರಿದ್ದಾರೆಂದು ತಿಳಿದದ್ದರಿಂದ ದಡದಿಂದ ದಡಕ್ಕೆ ಇದ್ದ ಬೆಲೆಯ ಅಂತರ ಕುಗ್ಗಿತು. ಮಾರಾಟವಾಗದೆ ಎಸೆಯುವ ಮೀನು ಇಲ್ಲವಾಯಿತು. ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಹೆಚ್ಚಿತು, ಗ್ರಾಹಕರ ಬೆಲೆ ಶೇ 4ರಷ್ಟು ಇಳಿಯಿತು.

ಎರಡನೆಯದು ಮಾರ್ಸೆಲ್ ಫಾಫ್‌ಶಾಂ ಮತ್ತು ಬಾರ್ಟ್ ಮಿಂಟನ್ ಅವರು 2012ರಲ್ಲಿ ‘ವರ್ಲ್ಡ್ ಬ್ಯಾಂಕ್ ಎಕನಾಮಿಕ್ ರಿವ್ಯೂ’ನಲ್ಲಿ ಪ್ರಕಟಿಸಿದ್ದು. ಮಹಾರಾಷ್ಟ್ರದ 100 ಹಳ್ಳಿಗಳಲ್ಲಿ, ಚೀಟಿ ಎತ್ತಿದಂತೆ ಆರಿಸಿದ ರೈತರಿಗೆ ಮಾರುಕಟ್ಟೆ ದರ ಹಾಗೂ ಹವಾಮಾನದ ಮಾಹಿತಿಯನ್ನು ಒಂದು ವರ್ಷ ಎಸ್‌ಎಂಎಸ್ ಮೂಲಕ ಉಚಿತವಾಗಿ ಕೊಡಿಸಲಾಯಿತು. ಅವರಿಗೆ ದೊರೆತ ಬೆಲೆಯಲ್ಲಿ ಸರಾಸರಿಯಾಗಿ ಗಣನೀಯ ವ್ಯತ್ಯಾಸವೇನೂ ಕಂಡುಬರಲಿಲ್ಲ.

ಮೂರನೆಯದು ಕರ್ನಾಟಕದ್ದೇ. ರಾಜ್ಯದ ಎಪಿಎಂಸಿಗಳನ್ನು ಆನ್‌ಲೈನ್ ಮೂಲಕ ಜೋಡಿಸುವ ಏಕೀಕೃತ ಮಾರುಕಟ್ಟೆ ವೇದಿಕೆ 2014ರಲ್ಲಿ ಆರಂಭವಾಯಿತು. ಅದರ ಪರಿಣಾಮವನ್ನು ಅಳೆದ ಲೆವಿ, ರಾಜನ್, ಸಿಂಘ್ವಿ ಮತ್ತು ಝೆಂಗ್ ಅವರ ಲೇಖನ 2020ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಭತ್ತದ ಬೆಲೆ ಶೇ 5.1, ನೆಲಗಡಲೆಯದು ಶೇ 3.6, ಮೆಕ್ಕೆಜೋಳದ್ದು ಶೇ 3.5ರಷ್ಟು ಹೆಚ್ಚಿತೆಂದೂ, ಹತ್ತಿ, ಹೆಸರು, ತೊಗರಿಗೆ ಗಣನೀಯ ಪರಿಣಾಮ ಕಾಣಲಿಲ್ಲವೆಂದೂ ಅದು ತಿಳಿಸಿತು.

ಒಂದೇ ಪ್ರಶ್ನೆಗೆ ‘ಹೌದು’, ‘ಇಲ್ಲ’, ‘ಕೆಲವಕ್ಕೆ ಹೌದು’ ಎಂಬ ಮೂರು ಉತ್ತರಗಳು ಬಂದಂತಾಯಿತು. ಮೂರೂ ಸುಳ್ಳಲ್ಲ. ವಿದ್ಯಾರ್ಥಿಯು ಜೆನ್ಸನ್ ಅವರ ಲೇಖನವೊಂದನ್ನೇ ಕಂಡು ‘ಮೊಬೈಲ್‌ನಿಂದ ಉತ್ಪಾದಕರಿಗೆ ಲಾಭವೆಂದು ಸಾಬೀತಾಗಿದೆ’ ಎಂದು ಬರೆದರೆ ಅದು ಅರ್ಧ ಮಾತಾಗುತ್ತದೆ.

ಕೊಬ್ಬರಿಗೆ ಅನ್ವಯಿಸುತ್ತದೆಯೇ?

ಇಲ್ಲಿ ಕೇಳಬೇಕಾದದ್ದು ‘ಯಾವ ಕಾರಣದಿಂದ ಈ ಪರಿಣಾಮ ಉಂಟಾಯಿತು, ಆ ಕಾರಣ ನಮ್ಮಲ್ಲಿ ಇದೆಯೇ?’ ಎಂಬುದನ್ನು. ಮೀನು ದಿನದೊಳಗೆ ಕೆಡುವ ಸರಕು. ದೋಣಿಯನ್ನು ಬೇರೆ ದಡಕ್ಕೆ ತಿರುಗಿಸಲು ಮಾಹಿತಿಯೊಂದಿದ್ದರೆ ಸಾಕು. ಉಂಡೆ ಕೊಬ್ಬರಿಯ ಕಥೆ ಬೇರೆ. ಬಲಿತ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಸುಲಿಯಲಾಗುತ್ತದೆ. ಬೆಳೆಗಾರನಿಗೆ ಇರುವ ಮುಖ್ಯ ಆಯ್ಕೆ ‘ಯಾವ ಊರಿನಲ್ಲಿ ಮಾರಬೇಕು’ ಎಂಬುದಕ್ಕಿಂತ ‘ಯಾವಾಗ ಮಾರಬೇಕು’ ಎಂಬುದು. ಇಂದಿನ ದರ ತಿಳಿದ ಮಾತ್ರಕ್ಕೆ ಮುಂದಿನ ತಿಂಗಳ ದರ ತಿಳಿಯುವುದಿಲ್ಲ. ತುರ್ತು ಹಣದ ಅಗತ್ಯವಿದ್ದವನಿಗೆ, ವರ್ತಕನಿಂದ ಮುಂಗಡ ಪಡೆದವನಿಗೆ ಕಾಯುವ ಅನುಕೂಲವೂ ಇರುವುದಿಲ್ಲ. ಹೀಗಾಗಿ ಕಾಸರಗೋಡಿನ ಮೀನಿನ ಫಲಿತಾಂಶವನ್ನು ತಿಪಟೂರಿನ ಕೊಬ್ಬರಿಗೆ ನೇರವಾಗಿ ತಂದು ಅಂಟಿಸಲು ಬರುವುದಿಲ್ಲ.

ಕರ್ನಾಟಕದ ಲೇಖನವಂತೂ ನಮ್ಮ ರಾಜ್ಯದ್ದೇ ಆಗಿದ್ದರೂ ಮೇಲೆ ಹೇಳಿದ ಆರು ಸರಕುಗಳಲ್ಲಿ ಕೊಬ್ಬರಿ ಇಲ್ಲ. ಸರಕಿನಿಂದ ಸರಕಿಗೆ ಫಲಿತಾಂಶ ಬದಲಾಗುತ್ತದೆ ಎಂದು ಆ ಲೇಖನವೇ ಹೇಳುವಾಗ, ‘ಆನ್‌ಲೈನ್ ಹರಾಜಿನಿಂದ ಕೊಬ್ಬರಿಗೆ ಶೇ 5 ಹೆಚ್ಚು ಬೆಲೆ’ ಎಂದು ಅದರ ಹೆಸರಿನಲ್ಲಿ ಬರೆಯುವುದು ತಪ್ಪಾಗುತ್ತದೆ. ಇನ್ನೊಂದು ಅಂಶವೂ ಗಮನಾರ್ಹ. ಲೇಖಕರಲ್ಲಿ ಒಬ್ಬರಾದ ಮನೋಜ್ ರಾಜನ್ ಅವರು ಆ ವೇದಿಕೆಯನ್ನು ನಡೆಸುವ ರಾಷ್ಟ್ರೀಯ ಇ–ಮಾರ್ಕೆಟ್ ಸರ್ವಿಸಸ್ ಸಂಸ್ಥೆಯಲ್ಲಿದ್ದವರು. ಇದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ. ಒಳಗಿನವರ ನೆರವಿಲ್ಲದೆ ಅಷ್ಟು ವಿವರವಾದ ದತ್ತಾಂಶ ದೊರೆಯುವುದೂ ಕಷ್ಟ. ಆದರೂ ಯೋಜನೆಗೆ ಸಂಬಂಧವಿರದ ಇತರರು ಏನು ಹೇಳಿದ್ದಾರೆಂದು ನೋಡುವುದು ಓದುಗನ ಕರ್ತವ್ಯ. ನಿಧಿ ಅಗರ್‌ವಾಲ್, ಸರ್ಗಂ ಜೈನ್ ಮತ್ತು ಸುಧಾ ನಾರಾಯಣನ್ ಅವರು 2017ರಲ್ಲಿ ‘ಎಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಕರ್ನಾಟಕದ ಇದೇ ಸುಧಾರಣೆಯ ಪಾಠಗಳನ್ನು ಕುರಿತು ಬರೆದಿದ್ದು, ಪರಿವರ್ತನೆಯ ಹಾದಿ ದೀರ್ಘವೆಂಬುದನ್ನು ಅದರ ಶೀರ್ಷಿಕೆಯೇ ಸೂಚಿಸುತ್ತದೆ. ಎರಡನ್ನೂ ಎದುರುಬದುರು ಇಟ್ಟು ಓದಿದ ವಿದ್ಯಾರ್ಥಿಯ ಸಮೀಕ್ಷೆಗೆ ತೂಕ ಬರುತ್ತದೆ.

‘ಸೈಟೆಡ್ ಬೈ’ ಕೊಂಡಿಯ ಪ್ರಯೋಜನವೂ ಇಲ್ಲಿಯೇ ಕಾಣುತ್ತದೆ. ಜೆನ್ಸನ್ ಅವರ ಲೇಖನದಿಂದ ಮುಂದಕ್ಕೆ ಹೋದರೆ, ಜಾನಕಿ ಶ್ರೀನಿವಾಸನ್ ಮತ್ತು ಜೆನ್ನಾ ಬರೆಲ್ ಅವರು ಕೇರಳದ ಮೀನುಗಾರರನ್ನು ಮತ್ತೆ ಕಂಡು 2013ರಲ್ಲಿ ಮಂಡಿಸಿದ ಪ್ರಬಂಧ ಸಿಗುತ್ತದೆ. ಮೊದಲ ಲೇಖನವನ್ನು ಎಲ್ಲೆಡೆಗೂ ಅನ್ವಯಿಸುವ ಪ್ರವೃತ್ತಿಯನ್ನು ಅದು ಪ್ರಶ್ನಿಸಿದೆ.

ಸ್ಥಳೀಯ ಸಮೀಕ್ಷೆಗಳ ಮಿತಿ

ವಾಣಿಜ್ಯ ವಿಭಾಗದ ಲೇಖನಗಳಲ್ಲಿ ನೂರು ಅಥವಾ ನೂರಿಪ್ಪತ್ತು ರೈತರನ್ನು ಪ್ರಶ್ನಾವಳಿಯ ಮೂಲಕ ಸಂದರ್ಶಿಸಿ, ಶೇಕಡಾವಾರು ಕೋಷ್ಟಕ ನೀಡುವ ಮಾದರಿ ಸಾಮಾನ್ಯ. ಇಂತಹ ಲೇಖನಗಳನ್ನು ತಳ್ಳಿಹಾಕಬೇಕಿಲ್ಲ. ಆದರೆ ಆ ರೈತರನ್ನು ಎಲ್ಲಿ, ಹೇಗೆ ಆರಿಸಲಾಯಿತು ಎಂಬ ಭಾಗವನ್ನು ಬಿಡದೆ ಓದಬೇಕು. ಎಪಿಎಂಸಿ ಪ್ರಾಂಗಣದಲ್ಲಿ ನಿಂತು ಬಂದವರನ್ನೆಲ್ಲ ಕೇಳಿದ್ದರೆ, ಮನೆ ಬಾಗಿಲಿನಲ್ಲೇ ವ್ಯಾಪಾರಿಗೆ ಕೊಬ್ಬರಿ ಕೊಟ್ಟವರು, ಹಸಿ ಕಾಯಿಯನ್ನೇ ಮಾರಿದವರು, ಎಳನೀರು ಇಳಿಸಿದವರು ಲೆಕ್ಕಕ್ಕೇ ಬಂದಿರುವುದಿಲ್ಲ. ‘ಬಹುಪಾಲು ರೈತರು ಎಪಿಎಂಸಿಯನ್ನೇ ಅವಲಂಬಿಸಿದ್ದಾರೆ’ ಎಂಬ ತೀರ್ಮಾನ ಅಂತಹ ಸಮೀಕ್ಷೆಯಿಂದ ಬಂದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ, ಅರ್ಥವೂ ಇಲ್ಲ.

ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದರೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು. ಸ್ಮಾರ್ಟ್‌ಫೋನ್ ಇರುವ ಬೆಳೆಗಾರರಿಗೆ ಹೆಚ್ಚು ಬೆಲೆ ಸಿಕ್ಕಿದೆ ಎಂದಿಟ್ಟುಕೊಂಡರೂ, ಅವರು ಹೆಚ್ಚು ಜಮೀನುಳ್ಳವರಾಗಿದ್ದು ಕಾಯುವ ಶಕ್ತಿಯಿಂದಲೇ ಆ ಬೆಲೆ ಪಡೆದಿರಬಹುದು. ಲೇಖಕರು ಈ ಸಾಧ್ಯತೆಯನ್ನು ಪರಿಗಣಿಸಿದ್ದಾರೆಯೇ ಎಂದು ನೋಡಬೇಕು.

ಕಾಲದ ಮಿತಿಯನ್ನೂ ಮರೆಯಬಾರದು. 2023ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ನಿಗದಿಯಾಗಿತ್ತು. ಮಾರುಕಟ್ಟೆ ದರ ಅದಕ್ಕಿಂತ ಕೆಳಗಿಳಿದು ಬೆಳೆಗಾರರು ಖರೀದಿ ಕೇಂದ್ರಗಳನ್ನು ಅವಲಂಬಿಸುವಂತಾಗಿತ್ತು. 2025ರ ಹಂಗಾಮಿನ ಬೆಂಬಲ ಬೆಲೆ 12,100 ರೂಪಾಯಿ. ಆ ವರ್ಷ ಮಾರುಕಟ್ಟೆ ದರ 20 ಸಾವಿರವನ್ನೂ ದಾಟಿತು. 2023ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ‘ಬೆಂಬಲ ಬೆಲೆಯೇ ರೈತರ ಆಸರೆ’ ಎಂದಿದ್ದರೆ ಅದು ಆ ವರ್ಷದ ಮಟ್ಟಿಗೆ ನಿಜ. ಪ್ರಕಟಣೆಯ ವರ್ಷವನ್ನಲ್ಲದೆ ದತ್ತಾಂಶ ಸಂಗ್ರಹಿಸಿದ ವರ್ಷವನ್ನೂ ಗುರುತು ಹಾಕಿಕೊಳ್ಳುವುದು ಈ ಕಾರಣಕ್ಕಾಗಿಯೇ.

ಇಲ್ಲದ ಲೇಖನಗಳ ಅಪಾಯ

ಇತ್ತೀಚಿನ ವರ್ಷಗಳಲ್ಲಿ ಚಾಟ್‌ಜಿಪಿಟಿಯಂತಹ ಕೃತಕ ಬುದ್ಧಿಮತ್ತೆ ಸಾಧನಗಳಿಂದ ಸಾಹಿತ್ಯ ಸಮೀಕ್ಷೆ ಬರೆಸುವುದು ಸುಲಭವಾಗಿದೆ. ಇವು ಅಸ್ತಿತ್ವದಲ್ಲೇ ಇಲ್ಲದ ಲೇಖನಗಳನ್ನು ಲೇಖಕರ ಹೆಸರು, ಪತ್ರಿಕೆ, ಪುಟಸಂಖ್ಯೆ ಸಮೇತ ಸೃಷ್ಟಿಸಿ ಕೊಡುವುದುಂಟು. ಇಂತಹ ಇಲ್ಲದ ತೀರ್ಪುಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿದ ನ್ಯೂಯಾರ್ಕಿನ ವಕೀಲರಿಗೆ 2023ರಲ್ಲಿ 5,000 ಡಾಲರ್ ದಂಡ ವಿಧಿಸಲಾಗಿತ್ತು. ಈ ಸಾಧನಗಳನ್ನು ಹುಡುಕಾಟದ ಪದಗಳನ್ನು ಸೂಚಿಸಲು, ಕಠಿಣ ಇಂಗ್ಲಿಷ್ ಪ್ಯಾರಾವನ್ನು ಅರ್ಥಮಾಡಿಕೊಳ್ಳಲು ಬಳಸುವುದರಲ್ಲಿ ಅಡ್ಡಿಯಿಲ್ಲ. ಆದರೆ ಲೇಖನ ಇದೆಯೆಂಬುದಕ್ಕೆ ಅವುಗಳ ಮಾತು ಪ್ರಮಾಣವಾಗದು. ಲೇಖನದ ಡಿಒಐ ಸಂಖ್ಯೆಯನ್ನು ಡಿಒಐ ತಾಣದಲ್ಲಿ ನೀಡಿದರೆ ಅದೇ ಲೇಖನ ತೆರೆದುಕೊಳ್ಳಬೇಕು. ಹಳೆಯ ಲೇಖನಗಳಿಗೆ ಈ ಸಂಖ್ಯೆ ಇಲ್ಲದಿರಬಹುದು. ಆಗ ಶೀರ್ಷಿಕೆಯನ್ನು ಪತ್ರಿಕೆಯ ಸಂಚಿಕೆಯಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳಬೇಕು.

ಪ್ರಕಟವಾದ ಮೇಲೆ ದೋಷ ಕಂಡುಬಂದು ಹಿಂತೆಗೆದುಕೊಂಡ ಲೇಖನಗಳೂ ಇರುತ್ತವೆ. ಇವುಗಳ ಪಟ್ಟಿಯಾದ ರಿಟ್ರ್ಯಾಕ್ಷನ್ ವಾಚ್ ದತ್ತಸಂಚಯವನ್ನು 2023ರಲ್ಲಿ ಕ್ರಾಸ್‌ರೆಫ್ ಸಂಸ್ಥೆ ಪಡೆದುಕೊಂಡು ಎಲ್ಲರಿಗೂ ಉಚಿತಗೊಳಿಸಿದೆ.

ಓದುವ ಕ್ರಮ

ಸಿಕ್ಕ ಲೇಖನಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಓದಲು ಸಮಯ ಸಾಲದು. ಮೊದಲು ಸಾರಾಂಶ, ಅನಂತರ ಉಪಸಂಹಾರ, ಅನಂತರ ಅಧ್ಯಯನ ವಿಧಾನ ಎಂಬ ಕ್ರಮದಲ್ಲಿ ಓದಿ, ಉಳಿಸಿಕೊಳ್ಳಬೇಕಾದ ಹತ್ತು ಹದಿನೈದನ್ನು ಮಾತ್ರ ಪೂರ್ಣವಾಗಿ ಓದುವುದು ಒಳಿತು. ಪ್ರತಿ ಲೇಖನಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ ಮೀಸಲಿಟ್ಟು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬಹುದು:

* ಲೇಖಕರು ಯಾರು, ಅಧ್ಯಯನಕ್ಕೆ ಹಣ ಒದಗಿಸಿದವರು ಯಾರು?
* ಯಾವ ಪತ್ರಿಕೆ, ತಜ್ಞರ ಪರಿಶೀಲನೆ ಇದೆಯೇ?
* ಯಾವ ಊರು, ಯಾವ ಸರಕು, ಯಾವ ವರ್ಷದ ದತ್ತಾಂಶ?
* ಎಷ್ಟು ಜನರನ್ನು, ಹೇಗೆ ಆರಿಸಲಾಯಿತು? ಹೋಲಿಸಲು ಇನ್ನೊಂದು ಗುಂಪು ಇತ್ತೇ?
* ಕಂಡುಕೊಂಡದ್ದೇನು, ಅದಕ್ಕೆ ಅವರು ನೀಡುವ ಕಾರಣವೇನು?
* ಆ ಕಾರಣ ನಮ್ಮ ಮಾರುಕಟ್ಟೆಯಲ್ಲಿ ಇದೆಯೇ?
* ಇದನ್ನು ಒಪ್ಪದವರು ಯಾರು?

ಹೀಗೆ ತುಂಬಿದ ಹದಿನೈದು ಪುಟಗಳಿದ್ದರೆ ಸಮೀಕ್ಷೆಯ ಅಧ್ಯಾಯ ತಾನಾಗಿಯೇ ರೂಪುಗೊಳ್ಳುತ್ತದೆ. ‘ಇಂತಹವರು ಇಂತಹ ವರ್ಷದಲ್ಲಿ ಹೀಗೆಂದರು’ ಎಂದು ಒಬ್ಬರ ಕೆಳಗೊಬ್ಬರನ್ನು ಪಟ್ಟಿ ಮಾಡುವ ಬದಲು, ಒಪ್ಪುವವರನ್ನು ಒಂದೆಡೆ, ಒಪ್ಪದವರನ್ನು ಇನ್ನೊಂದೆಡೆ ಇಟ್ಟು, ಭಿನ್ನಾಭಿಪ್ರಾಯಕ್ಕೆ ಕಾರಣ ಸರಕೇ, ಸ್ಥಳವೇ, ಕಾಲವೇ, ಅಧ್ಯಯನ ವಿಧಾನವೇ ಎಂದು ಚರ್ಚಿಸಬಹುದು. ಕೊಬ್ಬರಿಯಂತೆ ತಿಂಗಳುಗಟ್ಟಲೆ ಇಡಬಹುದಾದ ಸರಕಿನಲ್ಲಿ ದರದ ಮಾಹಿತಿ ಏನು ಮಾಡಬಲ್ಲದು ಎಂಬ ಪ್ರಶ್ನೆಗೆ ಮೇಲಿನ ಮೂರು ಲೇಖನಗಳಲ್ಲಿ ಯಾವುದೂ ನೇರ ಉತ್ತರ ನೀಡುವುದಿಲ್ಲ. ಆ ಉತ್ತರವನ್ನು ಹುಡುಕಲು ತಿಪಟೂರಿನ ಮಾರುಕಟ್ಟೆ ದರಗಳ ದಾಖಲೆಯೂ ಊರಿನ ಬೆಳೆಗಾರರೂ ಇಲ್ಲಿನ ವಿದ್ಯಾರ್ಥಿಗಳಿಗೆ ಹತ್ತಿರದಲ್ಲಿಯೇ ಇದ್ದಾರೆ. ಹಿಂದಿನವರ ಬರಹವನ್ನು ಪರಿಶೀಲಿಸಿ ಓದಿದವರಿಗೆ ತಾವು ಹೊಸದಾಗಿ ಕೇಳಬೇಕಾದದ್ದು ಏನೆಂಬುದೂ ತಿಳಿಯುತ್ತದೆ.